ಗುದ್ದಿ ಓಡೋದವನ ಬೆನ್ನು ಹತ್ತಬೇಡಿ

ಯಾರೋ ಗುದ್ದಿ ನಿಲ್ಲಿಸದೇ ಹೋದಾಗ ಮೊದಲು ಬರೋದು ಸಿಟ್ಟು, ಕೈಕಾಲು ನಡುಗ್ತಿದ್ರೂ ಗಾಡಿ ತಿರುಗಿಸಿ ಅವನನ್ನ ಹಿಡೀಬೇಕು ಅನ್ಸುತ್ತೆ. ದಯವಿಟ್ಟು ಹೋಗ್ಬೇಡಿ. ಅವನು ಭಯದಲ್ಲಿ ಓಡಿಸ್ತಿರ್ತಾನೆ, ನೀವು ಕೋಪದಲ್ಲಿ, ಮಧ್ಯೆ ಸಿಕ್ಕಿಹಾಕ್ಕೊಳ್ಳೋದು ರಸ್ತೆ ದಾಟ್ತಿರೋ ಯಾರೋ ಪಾಪದವರು. ಅದೂ ಅಲ್ದೆ ನೀವು ಆ ಕಡೆ ಹೋದ್ರೆ ಈ ಕಡೆ ನೋಡಿದವರೆಲ್ಲ ಚದುರಿಹೋಗ್ತಾರೆ, ಬಿದ್ದಿರೋ ಚೂರುಗಳ ಮೇಲೆ ಬೇರೆ ಗಾಡಿಗಳು ಹತ್ತಿಹೋಗ್ತವೆ.

ಯಾರಿಗಾದ್ರೂ ಪೆಟ್ಟಾಗಿದ್ರೆ ಮಿಕ್ಕಿದ್ದೆಲ್ಲ ಆಮೇಲೆ. ಆಂಬ್ಯುಲೆನ್ಸ್‌ಗೆ ಫೋನ್ ಮಾಡಿ, ರಕ್ತ ಸುರೀತಿದ್ರೆ ಶುಭ್ರವಾದ ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಿ ಹಿಡೀರಿ. ಕುತ್ತಿಗೆಗೋ ಬೆನ್ನಿಗೋ ಏಟು ಬಿದ್ದಿರೋ ಅನುಮಾನ ಇದ್ರೆ, ಬೆಂಕಿ ಅಥವಾ ಮೇಲೆ ಬರ್ತಿರೋ ಟ್ರಾಫಿಕ್ ಅಂಥ ಅಪಾಯ ಇಲ್ಲದಿದ್ರೆ, ಎತ್ತಿ ಕೂರಿಸೋಕೆ ಹೋಗ್ಬೇಡಿ.

ಆಮೇಲೆ ನೆನಪು ಹಸಿಯಾಗಿರುವಾಗ್ಲೇ ಫೋನಲ್ಲಿ ವಾಯ್ಸ್ ರೆಕಾರ್ಡರ್ ಆನ್ ಮಾಡಿ ಕಂಡಿದ್ದನ್ನೆಲ್ಲ ಹೇಳ್ಬಿಡಿ: ನಂಬರ್ ಪೂರ್ತಿ ಸಿಗದಿದ್ರೆ ಕಂಡ ಎರಡು ಅಂಕಿ, ಬಣ್ಣ, ಎಂಥ ಗಾಡಿ, ಯಾವ ಕಡೆ ತಿರುಗ್ತು, ಹಿಂದಿನ ಗ್ಲಾಸಿಗೆ ಸ್ಟಿಕ್ಕರ್ ಇತ್ತಾ. ಊಹೆ ಮಾಡಿ ನಂಬರ್ ತುಂಬಿಸ್ಬೇಡಿ, ಒಂದು ತಪ್ಪು ಅಂಕಿ ಇಡೀ ತನಿಖೇನ ಬೇರೆ ದಾರಿಗೆ ಎಳೆದುಬಿಡುತ್ತೆ. ನಿಂತು ನೋಡ್ತಿರೋರ ಹೆಸರು, ಫೋನ್ ನಂಬರ್ ಆಗ್ಲೇ ತಗೊಳ್ಳಿ.

ನಂಬರ್ ಸಿಗ್ಲಿಲ್ಲ ಅಂತ ಕೈಚೆಲ್ಲಿ ಕೂರೋರಿಗೆ ನಾನು ಒತ್ತಿ ಹೇಳೋದು ಇದು, ಗುದ್ದಿದ ಗಾಡಿ ಏನಾದ್ರೂ ಬಿಟ್ಟುಹೋಗಿರೋ ಸಾಧ್ಯತೆ ತುಂಬಾ ಇರುತ್ತೆ. ನಿಮ್ಮ ಬಂಪರ್ ಮೇಲೆ ಬಳಿದ ಹಾಗೆ ಬೇರೆ ಬಣ್ಣದ ಗೆರೆ ಕಾಣುತ್ತಲ್ಲ, ಅದು ಅವನ ಗಾಡಿ ಪೇಂಟ್. ಕಾರಿನ ಪೇಂಟ್ ಪ್ರೈಮರ್, ಬಣ್ಣ, ಮೇಲೊಂದು ಕ್ಲಿಯರ್ ಕೋಟ್ ಅಂತ ಪದರ ಪದರವಾಗಿರುತ್ತೆ, ಫೋರೆನ್ಸಿಕ್ ಲ್ಯಾಬ್‌ನವರು ಆ ಪದರಗಳನ್ನ ಮೈಕ್ರೋಸ್ಕೋಪಲ್ಲಿ ನೋಡಿ ಅನುಮಾನದ ಗಾಡಿ ಪೇಂಟ್ ಜೊತೆ ಹೋಲಿಸ್ತಾರೆ. ಒಡೆದು ಬಿದ್ದ ಲೈಟಿನ ಚೂರೋ ಮಿರರ್ ಕವರೋ ಇದ್ರೆ ಅದರ ಒಳಮೈಯಲ್ಲಿ ಎಷ್ಟೋ ಸಲ ಸಣ್ಣಕ್ಷರದಲ್ಲಿ ಪಾರ್ಟ್ ನಂಬರ್ ಅಚ್ಚಾಗಿರುತ್ತೆ, ಅದರಿಂದ ಯಾವ ಕಂಪನಿಯ ಯಾವ ಮಾಡೆಲ್ ಅಂತ ಹಿಡೀಬಹುದು. ಬಿದ್ದಲ್ಲೇ ಫೋಟೋ ತೆಗೀರಿ, ದೂರದಿಂದ ಒಂದು, ಹತ್ತಿರದಿಂದ ಒಂದು, ಪೊಲೀಸರು ಬರೋವರೆಗೂ ಮುಟ್ಟದೇ ಕಾಯೋಕಾದ್ರೆ ಕಾಯಿರಿ. ಅವರು ನೋಡಿ ಮುಗಿಸೋ ತನಕ ಗಾಡಿ ತೊಳೀಬೇಡಿ, ಗ್ಯಾರೇಜಿಗೂ ಬಿಡ್ಬೇಡಿ.

ಸಿಸಿಟಿವಿ ವಿಷಯದಲ್ಲಿ ಮಾತ್ರ ತಡ ಮಾಡ್ಲೇಬೇಡಿ. ಹಾರ್ಡ್‌ಡಿಸ್ಕ್ ತುಂಬಿದ ಮೇಲೆ ಹಳೇದರ ಮೇಲೇ ಹೊಸದು ರೆಕಾರ್ಡ್ ಆಗ್ತಾ ಹೋಗುತ್ತೆ, ಕೆಲವು ಕಡೆ ಕೆಲವೇ ದಿನಕ್ಕೆ ಅಳಿಸಿಹೋಗುತ್ತೆ. ಅಕ್ಕಪಕ್ಕದ ಅಂಗಡಿ, ಮನೆಯವರು ನಮ್ಮ ಕೈಗೆ ವಿಡಿಯೋ ಕೊಡದಿದ್ರೂ ಪರವಾಗಿಲ್ಲ, ಆ ಟೈಮಿಂದು ತೆಗೆದಿಡಿ ಅಂತ ಕೇಳ್ಕೊಂಡು ಕ್ಯಾಮೆರಾ ಎಲ್ಲೆಲ್ಲಿದೆ ಅಂತ ಪೊಲೀಸರಿಗೆ ಹೇಳಿ. ನಿಮ್ಮ ಡ್ಯಾಶ್‌ಕ್ಯಾಮೂ ಹಾಗೇ, ಮೆಮೊರಿ ಕಾರ್ಡ್ ತೆಗೆದಿಟ್ಕೊಳ್ಳಿ.

ಪೊಲೀಸ್ ಕಂಪ್ಲೇಂಟ್ ಅದೇ ದಿನ ಕೊಡಿ, ಇನ್ಶೂರೆನ್ಸ್‌ನವರಿಗೂ ತಿಳಿಸಿ. ಗುದ್ದಿದವನು ಸಿಗದಿದ್ರೆ ಪರಿಹಾರನೇ ಇಲ್ಲ ಅಂದ್ಕೊಂಡು ಸುಮ್ನಾಗೋ ಮನೆಗಳನ್ನ ನೆನೆದ್ರೆ ನಂಗೆ ಸಂಕಟ ಆಗುತ್ತೆ, ಯಾಕಂದ್ರೆ ಎಷ್ಟೋ ದೇಶಗಳಲ್ಲಿ ಇಂಥವರಿಗೆ ಅಂತಲೇ ನಿಧಿ ಇದೆ. ಬ್ರಿಟನ್ನಲ್ಲಿ 1946ರಲ್ಲಿ ಶುರುವಾದ ಮೋಟಾರ್ ಇನ್ಶೂರರ್ಸ್ ಬ್ಯೂರೋ ಈ ಕೆಲಸ ಮಾಡುತ್ತೆ. ಭಾರತದಲ್ಲಿ ಮೋಟಾರು ವಾಹನ ಕಾಯ್ದೆಯ 161ನೇ ಸೆಕ್ಷನ್ ಇದಕ್ಕೇ ಇರೋದು, 2022ರ ಸ್ಕೀಮ್ ಪ್ರಕಾರ ಜೀವ ಹೋಗಿದ್ರೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ ರೂಪಾಯಿ, ಗಾಡಿ ಪತ್ತೆಯಾಗದಿದ್ರೂ.

ಏನೂ ಆಗಿಲ್ಲ ಅನ್ಸಿದ್ರೂ ಡಾಕ್ಟರ್ ಹತ್ರ ಹೋಗಿ. ಆ ಗಾಬರಿಯಲ್ಲಿ ನೋವು ಗೊತ್ತಾಗಲ್ಲ, ಕುತ್ತಿಗೆ ಹಿಡ್ಕೊಳ್ಳೋದು ಎಷ್ಟೋ ಜನರಿಗೆ ಮಾರನೇ ದಿನ. ತಲೆಗೆ ಏಟು ಬಿದ್ದು ಮತ್ತೆ ಮತ್ತೆ ವಾಂತಿ, ತಡೆಯಲಾರದ ತಲೆನೋವು, ಮಂಪರು ಬಂದ್ರೆ ಆ ಕ್ಷಣವೇ ಎಮರ್ಜೆನ್ಸಿಗೆ ಹೋಗ್ಬೇಕು. ಪೆಟ್ಟು ರಸ್ತೆ ಅಪಘಾತದಿಂದ ಆಗಿದ್ದು ಅಂತ ತಾರೀಕು ಸಮೇತ ಚೀಟಿಯಲ್ಲಿ ಬರೆಸಿಕೊಳ್ಳಿ, ಪರಿಹಾರದ ಅರ್ಜಿ ಹಾಕುವಾಗ ಮೊದಲು ಕೇಳೋ ಕಾಗದಗಳಲ್ಲಿ ಅದೂ ಒಂದು.