ಸೊಟ್ಟ ಮನೆಯ ಸುತ್ತ ಒಂದು ನಡಿಗೆ

ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ನನಗೆ ತುಂಬ ಹಿಡಿಸಿದ್ದು ಕಾಲುದಾರಿಯ ಹಕ್ಕು. ಹೊಲ ಯಾರದೇ ಇರಲಿ, ನಕ್ಷೆಯಲ್ಲಿ ಸಾರ್ವಜನಿಕ ಕಾಲುದಾರಿ ಎಂದಿದ್ದರೆ ಅದರ ನಡುವೆಯೇ ಹಾದುಹೋಗಬಹುದು. ಸಾಗರದಿಂದ ಬಂದಿದ್ದ ಚಿಕ್ಕಪ್ಪನಿಗೆ ಈ ಮಾತಿನಲ್ಲಿ ನಂಬಿಕೆಯೇ ಹುಟ್ಟಲಿಲ್ಲ. ಚೆಷೈರಿನ ಕಾಂಗಲ್ಟನ್ ಪಟ್ಟಣದ ಹತ್ತಿರ, ಲಿಟಲ್ ಮೊರೆಟನ್ ಹಾಲ್ ಎಂಬ ಹಳೆಯ ಮರದ ಮನೆಯ ಬಳಿ ಕಾರು ನಿಲ್ಲಿಸಿ ಹುಲ್ಲುಗಾವಲಿಗೆ ಇಳಿದಾಗ, "ಯಾರಾದರೂ ಬೈದರೆ ನೀನೇ ಮಾತಾಡು" ಎಂದು ನನ್ನನ್ನು ಮುಂದೆ ಬಿಟ್ಟರು. ಬೈಯಲು ಯಾರೂ ಬರಲಿಲ್ಲ. ಹಸುಗಳು ಮಾತ್ರ ತಲೆಯೆತ್ತಿ ನೋಡಿ ಮತ್ತೆ ಮೇಯತೊಡಗಿದವು.

ಹೊಲಗಳಾಚೆ 1831ರಲ್ಲಿ ತೆರೆದ ಮ್ಯಾಕಲ್ಸ್‌ಫೀಲ್ಡ್ ಕಾಲುವೆ. ಅದರ ದಡದಲ್ಲಿ ಸ್ವಲ್ಪ ದೂರ ನಡೆದು ಮೌ ಕಾಪ್ ಗುಡ್ಡ ಹತ್ತಿದೆವು. ಏರು ಚೆನ್ನಾಗಿಯೇ ಬೆವರಿಳಿಸುತ್ತದೆ. ನೆತ್ತಿಯಲ್ಲಿರುವುದು 1754ರ ಹುಸಿ ಕೋಟೆ. ಪಕ್ಕದ ರೋಡ್ ಹಾಲ್‌ನ ಜಮೀನ್ದಾರರು ತಮ್ಮ ಮನೆಯಿಂದ ನೋಡಿದರೆ ಪಾಳುಬಿದ್ದ ಕೋಟೆ ಕಾಣಲಿ ಎಂದು ಕಟ್ಟಿಸಿದ್ದು. "ಪಾಳು ಕಟ್ಟಿಸಲೂ ಕೂಲಿ ಕೊಟ್ಟರೇ?" ಎಂದು ಚಿಕ್ಕಪ್ಪ ನಕ್ಕರು. ದೂರದ ಬಯಲಿನಲ್ಲಿ ಜಾಡ್ರೆಲ್ ಬ್ಯಾಂಕ್ ರೇಡಿಯೋ ದೂರದರ್ಶಕದ ಬಿಳಿ ಬೋಗುಣಿ ಕಾಣುತ್ತಿತ್ತು. ಕಾಲಡಿಯಲ್ಲಿ ಒರಟು ಮರಳುಗಲ್ಲು. ಹಿಂದೆ ಇಲ್ಲಿ ಗಿರಣಿಯ ಬೀಸುಕಲ್ಲುಗಳನ್ನು ಕಡಿಯುತ್ತಿದ್ದರು.

ಇಂಥದೇ ಒರಟು ಮರಳುಗಲ್ಲಿನ ಹಲಗೆಗಳು ಮೊರೆಟನ್ ಮನೆಯ ತಲೆಯ ಮೇಲಿವೆ, ಅದರ ಸೊಟ್ಟಕ್ಕೆ ಮುಖ್ಯ ಕಾರಣವೂ ಅವೇ. ಸುತ್ತು ಮುಗಿಸಿ ಇಳಿದು ಬಂದು ಕಂದಕ ದಾಟಿ ಒಳಗೆ ಹೋದರೆ, ಒಂದು ಗೆರೆಯೂ ನೆಟ್ಟಗಿಲ್ಲ. ಹದಿನಾರನೇ ಶತಮಾನದ ಆರಂಭದಿಂದ ಸುಮಾರು ನೂರು ವರ್ಷ ಹಂತಹಂತವಾಗಿ ಬೆಳೆದ ಮನೆ ಇದು. ಮೇಲಂತಸ್ತಿನ ಉದ್ದನೆಯ ಪಡಸಾಲೆ ಮೊದಲ ಯೋಜನೆಯಲ್ಲಿ ಇರಲಿಲ್ಲವೆಂದು ತೋರುತ್ತದೆ. ಮಳೆ ಬಂದ ದಿನ ಓಡಾಡಲು ಅದನ್ನು ಏರಿಸಿ, ಮೇಲೆ ಕಲ್ಲಿನ ಮಾಡು ಹೊದಿಸಿದರು. ಕೆಳಗಿನ ತೊಲೆಗಳು ಆ ಭಾರಕ್ಕೆ ಬಾಗಿದವು.

ಮರದ ವ್ಯಾಪಾರದಲ್ಲಿ ಕೂದಲು ಹಣ್ಣಾದ ಚಿಕ್ಕಪ್ಪ ಒಂದು ಕಂಬದ ಮುಂದೆ ನಿಂತೇಬಿಟ್ಟರು. ರಂಧ್ರದೊಳಗೆ ತುದಿ ಕೂರಿಸಿ, ಓಕ್ ಮರದ್ದೇ ಮೊಳೆ ಬಡಿದ ಬೆಸುಗೆ. ಮೊಳೆಯ ತಲೆ ಗೋಡೆಯಿಂದ ಅರ್ಧ ಬೆರಳು ಹೊರಗಿದೆ. "ಹಸಿ ಮರದಲ್ಲೇ ಕೆಲಸ ಮಾಡಿದ್ದಾರೆ. ಒಣಗುತ್ತಾ ತಿರುಚಿಕೊಂಡಿದೆ, ಮೊಳೆಯನ್ನು ಮಾತ್ರ ಇನ್ನೂ ಬಿಗಿಯಾಗಿ ಕಚ್ಚಿಕೊಂಡಿದೆ" ಎಂದರು. ಅವರ ಮಾತು ಸರಿ. ಓಕ್ ಒಣಗಿದ ಮೇಲೆ ಉಳಿ ಓಡಿಸುವುದು ಕಷ್ಟವೆಂದು ಆಗೆಲ್ಲ ಹಸಿಯಾಗಿರುವಾಗಲೇ ಕೆತ್ತುತ್ತಿದ್ದರು.

ಇಷ್ಟೆಲ್ಲ ಉಳಿದದ್ದು ಬಡತನದಿಂದ. ಹದಿನೇಳನೇ ಶತಮಾನದಲ್ಲಿ ರಾಜನಿಗೂ ಸಂಸತ್ತಿಗೂ ನಡೆದ ಅಂತರ್ಯುದ್ಧದಲ್ಲಿ ಮನೆಯ ಒಡೆಯರಾದ ಮೊರೆಟನ್ನರು ರಾಜನ ಪಕ್ಷ ಹಿಡಿದು ಸಾಲಕ್ಕೆ ಬಿದ್ದರು, ಮನೆಯನ್ನು ಗೇಣಿ ರೈತರಿಗೆ ಕೊಟ್ಟರು. ಕೈಯಲ್ಲಿ ಕಾಸಿದ್ದಿದ್ದರೆ ಇದನ್ನು ಕೆಡವಿ ಇಟ್ಟಿಗೆಯ ಬಂಗಲೆ ಎಬ್ಬಿಸಿರುತ್ತಿದ್ದರು ಎಂಬುದರಲ್ಲಿ ನನಗೆ ಅನುಮಾನವಿಲ್ಲ. 1892ರಲ್ಲಿ ವಾರಸುದಾರಳಾದ ಎಲಿಜಬೆತ್ ಮೊರೆಟನ್ ಎಂಬ ಸನ್ಯಾಸಿನಿ ಪಡಸಾಲೆಗೆ ಉಕ್ಕಿನ ಸರಳು ಹಾಕಿಸಿ ನಿಲ್ಲಿಸಿರಬಹುದು. 1938ರಲ್ಲಿ ಮನೆ, ಹಳೆಯ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ಕೈಸೇರಿತು.

ಅಂಗಳದ ಕಿಟಕಿಗಳ ಮೇಲೆ ಕೆತ್ತಿದ ಸಾಲುಗಳಿವೆ. ಒಂದರಲ್ಲಿ 1559ರಲ್ಲಿ ಕಿಟಕಿ ಮಾಡಿಸಿದ ವಿಲಿಯಂ ಮೊರೆಟನ್ ಹೆಸರು. ಜೊತೆಗೇ, ದೇವರ ಕೃಪೆಯಿಂದ ಅದನ್ನು ಮಾಡಿದವನು ರಿಚರ್ಡ್ ಡೇಲ್ ಎಂಬ ಬಡಗಿ ಎಂದೂ ಇದೆ. ಓದಿ ಹೇಳಿದಾಗ ಚಿಕ್ಕಪ್ಪ ನನ್ನ ಮೊಬೈಲ್ ಕಡೆ ಕೈ ತೋರಿಸಿದರು: "ಬಡಗಿಯ ಹೆಸರಿರುವ ಸಾಲನ್ನೇ ತೆಗೆ. ನಮ್ಮ ಅಟ್ಟದ ಕೆಲಸ ಮಾಡಿದವನಿಗೆ ಈಗಲೇ ಕಳಿಸು."