ಕ್ರೆಡಿಟ್ಟಿನ ತೂಕ

ಮೊನ್ನೆ ಸೆಮಿಸ್ಟರ್ ಫಲಿತಾಂಶ ಬಂದಾಗ, ದಾವಣಗೆರೆಯ ವಿದ್ಯಾನಗರದ ನನ್ನ ಬಾಡಿಗೆ ಕೋಣೆಯಲ್ಲಿ ಕುಳಿತು, ಐದು ವಿಷಯಗಳ ಗ್ರೇಡ್ ಪಾಯಿಂಟುಗಳಾದ 6, 7, 8, 9 ಮತ್ತು 10ನ್ನು ಕೂಡಿಸಿ ಐದರಿಂದ ಭಾಗಿಸಿ, ಸರಾಸರಿ 8 ಬಂದಿದೆಯೆಂದು ಅಪ್ಪನಿಗೆ ಫೋನಿನಲ್ಲಿ ಹೇಳಿಬಿಟ್ಟೆ. ಅಂಕಪಟ್ಟಿ ತೆರೆದು ನೋಡಿದರೆ ಅಲ್ಲಿದ್ದದ್ದು 7.53.

ಮಂಡಕ್ಕಿ ಕಟ್ಟಿಸಿಕೊಂಡು ಬಂದಿದ್ದ ಕಾಗದದ ಅಂಚಿನಲ್ಲೇ ಮತ್ತೆ ಲೆಕ್ಕ ಹಾಕಿದೆ. ಆ ವಿಷಯಗಳ ಕ್ರೆಡಿಟ್, ಅಂದರೆ ಸರಾಸರಿಯಲ್ಲಿ ಪ್ರತಿ ವಿಷಯಕ್ಕಿರುವ ತೂಕ, ಕ್ರಮವಾಗಿ 4, 4, 3, 3 ಮತ್ತು 1. ಪ್ರತಿ ಪಾಯಿಂಟನ್ನು ಅದರ ಕ್ರೆಡಿಟ್ಟಿನಿಂದ ಗುಣಿಸಿದರೆ 24, 28, 24, 27, 10, ಒಟ್ಟು 113. ಅದನ್ನು 15 ಕ್ರೆಡಿಟ್ಟಿನಿಂದ ಭಾಗಿಸಿದಾಗ ಪಟ್ಟಿಯಲ್ಲಿದ್ದ ಸಂಖ್ಯೆಯೇ ಬಂತು. ನಾನು ಅಷ್ಟು ಹೆಮ್ಮೆಪಟ್ಟಿದ್ದ 10 ಒಂದೇ ಕ್ರೆಡಿಟ್ಟಿನ ಪ್ರಯೋಗಾಲಯದ್ದು, 6 ಬಂದದ್ದು ನಾಲ್ಕು ಕ್ರೆಡಿಟ್ಟಿನ ಗಣಿತದ್ದು.

ಅಪ್ಪನಿಗೆ ಮತ್ತೆ ಫೋನ್ ಮಾಡಿ ತಪ್ಪನ್ನು ಒಪ್ಪಿಕೊಂಡೆ. ಮೆಕ್ಕೆಜೋಳವನ್ನು ಪ್ರತಿವರ್ಷ ಇಲ್ಲಿನ ಮಾರುಕಟ್ಟೆಗೆ ತರುವ ಅವರು, "ಹತ್ತು ಕ್ವಿಂಟಲ್ ಒಂದು ದರಕ್ಕೆ, ಎರಡು ಕ್ವಿಂಟಲ್ ಇನ್ನೊಂದು ದರಕ್ಕೆ ಹೋದರೆ, ಎರಡೂ ದರ ಕೂಡಿಸಿ ಅರ್ಧ ಮಾಡ್ತಾರೇನಪ್ಪಾ?" ಎಂದು ಮೃದುವಾಗಿ ಕೇಳಿದರು. ತರಗತಿಯಲ್ಲಿ ಸೂತ್ರವಾಗಿ ಬರೆದುಕೊಂಡಿದ್ದ ಮಾತು ಅವರ ಬಾಯಿಂದ ಬಂದಾಗಲೇ ನನಗೆ ನಿಜವಾಗಿ ಅರ್ಥವಾಯಿತು.

ಗಣಿತದಲ್ಲಿ 6ರ ಬದಲು 8 ಬಂದಿದ್ದರೆ ಒಟ್ಟು 121 ಆಗಿ, ಸರಾಸರಿ 8.07ಕ್ಕೆ ಏರುತ್ತಿತ್ತು, ಪ್ರಯೋಗಾಲಯದಲ್ಲಿ 9 ಬಂದಿದ್ದರೆ ಇಳಿಯುತ್ತಿದ್ದದ್ದು 0.07 ಮಾತ್ರ. ಆದರೂ ರೆಕಾರ್ಡ್ ಪುಸ್ತಕಕ್ಕೆ ಚಿತ್ರ ಬಿಡಿಸುತ್ತ ಎಷ್ಟೋ ರಾತ್ರಿ ಕಳೆದಿದ್ದೆ. ಈ ಸಂಜೆ ಅದನ್ನು ಕಪಾಟಿನಲ್ಲಿಟ್ಟು ಗಣಿತದ ಮೊದಲ ಅಧ್ಯಾಯವನ್ನು ತೆರೆದಿದ್ದೇನೆ.