ಗಂಟಲಿನ ಅಳತೆಗೆ ಹೊಲಿದ ರಾಗ

ಕಳೆದ ವಾರ ಒಂದು ರಾತ್ರಿ ಮಗಳ ಕೀಬೋರ್ಡಿನ ಮುಂದೆ ಕುಳಿತು ಹೆನ್ರಿ ಮ್ಯಾನ್ಸಿನಿಯವರ ‘ಮೂನ್ ರಿವರ್’ ಹಾಡನ್ನು ನುಡಿಸಲು ಯತ್ನಿಸಿದೆ. ಬಿಳಿ ಒಂದರ (ಪಾಶ್ಚಾತ್ಯರ ‘ಸಿ’) ಶ್ರುತಿಯಲ್ಲಿ ಹಿಡಿದರೆ ಮೊದಲಿನಿಂದ ಕೊನೆಯವರೆಗೆ ಒಂದೇ ಒಂದು ಕಪ್ಪು ಮನೆಯನ್ನೂ ಮುಟ್ಟಬೇಕಾಗುವುದಿಲ್ಲ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಶಂಕರಾಭರಣ ರಾಗದ ಏಳು ಸ್ವರಗಳ ಆಚೆಗೆ ಅನ್ಯಸ್ವರವೇ ಬರುವುದಿಲ್ಲ. ಸಂಚಾರವೂ ಒಂದು ಸ್ಥಾಯಿಯನ್ನು ದಾಟಿ ಕೇವಲ ಒಂದು ಸ್ವರದಷ್ಟು ಮುಂದೆ ಹೋಗುತ್ತದೆ. ಹಾಲಿವುಡ್‌ನಲ್ಲಿ ಹತ್ತು ವರ್ಷ ಪಳಗಿದ್ದ ಸಂಯೋಜಕರೊಬ್ಬರು ಇಷ್ಟು ಚಿಕ್ಕ ಅಂಗಳವನ್ನು ಆರಿಸಿಕೊಂಡದ್ದೇಕೆ ಎಂದು ಹುಡುಕುತ್ತ ಹೋದಾಗ ಅವರ ಇಡೀ ವೃತ್ತಿಜೀವನವೇ ನನಗೆ ಬೇರೆಯಾಗಿ ಕಾಣತೊಡಗಿತು.

1924ರಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ಹುಟ್ಟಿದ ಮ್ಯಾನ್ಸಿನಿ ಬೆಳೆದದ್ದು ಪೆನ್ಸಿಲ್ವೇನಿಯಾದ ಉಕ್ಕಿನ ಊರಾದ ವೆಸ್ಟ್ ಅಲಿಕ್ವಿಪಾದಲ್ಲಿ. ಇಟಲಿಯಿಂದ ವಲಸೆ ಬಂದು ಉಕ್ಕಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ತಂದೆ ಕ್ವಿಂಟೊ ಅವರೇ ಮಗನಿಗೆ ಕೊಳಲು ಹಿಡಿಯುವುದನ್ನು ಕಲಿಸಿದರು. ಉಸಿರಿನಿಂದ ನುಡಿಯುವ ವಾದ್ಯದಿಂದ ಸಂಗೀತಕ್ಕೆ ಬಂದವರಿಗೆ ಇನ್ನೊಬ್ಬರ ಉಸಿರಿನ ಮಿತಿಯೂ ತಿಳಿಯುತ್ತದೆ ಎಂಬುದು ನನ್ನ ಊಹೆ. ಜೂಲಿಯಾರ್ಡ್ ಸಂಗೀತ ಶಾಲೆ, ಎರಡನೆಯ ಮಹಾಯುದ್ಧದ ಸೈನ್ಯಸೇವೆ, ಗ್ಲೆನ್ ಮಿಲ್ಲರ್ ಹೆಸರಿನ ವಾದ್ಯವೃಂದದಲ್ಲಿ ಪಿಯಾನೊ ಮತ್ತು ವಾದ್ಯಸಂಯೋಜನೆಯ ಕೆಲಸ, ಇವೆಲ್ಲ ಮುಗಿದ ಮೇಲೆ 1952ರಲ್ಲಿ ಅವರು ಯೂನಿವರ್ಸಲ್ ಸ್ಟುಡಿಯೋದ ಸಂಗೀತ ವಿಭಾಗವನ್ನು ಸೇರಿದರು.

ಅದು ಅಕ್ಷರಶಃ ಕಾರ್ಖಾನೆಯಾಗಿತ್ತು. ಒಂದು ಚಿತ್ರದ ರೀಲುಗಳನ್ನು ಹಲವು ಸಂಯೋಜಕರು ಹಂಚಿಕೊಂಡು ಬರೆಯುತ್ತಿದ್ದರು. ಹಳೆಯ ಚಿತ್ರಗಳ ತುಣುಕುಗಳನ್ನು ತಂದು ಹೊಸದಕ್ಕೆ ಜೋಡಿಸುವುದೂ ಸಾಮಾನ್ಯವಾಗಿತ್ತು. ‘ಕ್ರೀಚರ್ ಫ್ರಮ್ ದ ಬ್ಲ್ಯಾಕ್ ಲಗೂನ್’ ಚಿತ್ರದಲ್ಲಿ ನೀರಿನಿಂದೇಳುವ ಜೀವಿಯ ಸಂಗೀತದಲ್ಲಿ ಹಾನ್ಸ್ ಸಾಲ್ಟರ್ ಮತ್ತು ಹರ್ಮನ್ ಸ್ಟೈನ್ ಜೊತೆ ಮ್ಯಾನ್ಸಿನಿಯವರ ಪಾಲೂ ಇದೆ, ಪರದೆಯ ಮೇಲೆ ಹೆಸರು ಮಾತ್ರ ಇಲ್ಲ. ಆರು ವರ್ಷಗಳಲ್ಲಿ ನೂರಕ್ಕೂ ಹೆಚ್ಚು ಚಿತ್ರಗಳಿಗೆ ಅವರ ಕೈ ಸೇರಿತು. ಆ ಅವಧಿಯ ಕೊನೆಗೆ ಬಂದ ಆರ್ಸನ್ ವೆಲ್ಸ್ ಅವರ ‘ಟಚ್ ಆಫ್ ಈವಿಲ್’ ಚಿತ್ರದಲ್ಲಿ, ಸಂಗೀತವೆಲ್ಲ ಪಾತ್ರಗಳ ಸುತ್ತಲಿನ ರೇಡಿಯೊ, ಜೂಕ್‌ಬಾಕ್ಸ್, ಕ್ಲಬ್ಬುಗಳಿಂದಲೇ ಕೇಳಿಬರುವಂತಿರಬೇಕು ಎಂಬ ನಿರ್ದೇಶಕರ ಬೇಡಿಕೆಯನ್ನು ಅವರು ಒಪ್ಪಿ ಬರೆದದ್ದು ನನಗೆ ಮುಖ್ಯವೆನಿಸುತ್ತದೆ.

1958ರಲ್ಲಿ ಸ್ಟುಡಿಯೋ ಅವರನ್ನು ಕೈಬಿಟ್ಟಿತು. ಹೆಂಡತಿ, ಮೂವರು ಮಕ್ಕಳು, ಕೆಲಸವಿಲ್ಲ. ಆದರೂ ಸ್ಟುಡಿಯೋದ ಒಳಗೆ ಹೋಗುವ ಪಾಸು ಕೈಯಲ್ಲಿದ್ದುದರಿಂದ ಕ್ಷೌರಕ್ಕೆಂದು ಅಲ್ಲಿಗೇ ಹೋದರು. ಕ್ಷೌರದಂಗಡಿಯ ಬಳಿ ಸಿಕ್ಕ ನಿರ್ದೇಶಕ ಬ್ಲೇಕ್ ಎಡ್ವರ್ಡ್ಸ್ ತಮ್ಮ ಹೊಸ ಪತ್ತೇದಾರಿ ಧಾರಾವಾಹಿಗೆ ಸಂಗೀತ ಕೊಡುವಿರಾ ಎಂದು ಕೇಳಿದರು. ಹೀಗೆ ಹುಟ್ಟಿದ್ದು ‘ಪೀಟರ್ ಗನ್’. ಗಿಟಾರ್ ಮತ್ತು ಪಿಯಾನೊ ಒಟ್ಟಿಗೆ ಒಂದೇ ತುಣುಕನ್ನು ಬಿಡದೆ ಮಿಡಿಯುತ್ತಿರುತ್ತವೆ, ಅದರ ಮೇಲೆ ಹಿತ್ತಾಳೆಯ ವಾದ್ಯಗಳು ಕೂಗಿ ಹೋಗುತ್ತವೆ. ಆ ಪಿಯಾನೊ ನುಡಿಸಿದವರು, ಮುಂದೆ ಸ್ವತಃ ಚಿತ್ರಸಂಗೀತದ ದೊಡ್ಡ ಹೆಸರಾದ ಜಾನ್ ವಿಲಿಯಮ್ಸ್. ಈ ಧಾರಾವಾಹಿಯ ಸಂಗೀತದ ಆಲ್ಬಂ, ಗ್ರ್ಯಾಮಿ ಪ್ರಶಸ್ತಿಗಳು ಆರಂಭವಾದ ವರ್ಷವೇ ವರ್ಷದ ಅತ್ಯುತ್ತಮ ಆಲ್ಬಂ ಎನಿಸಿಕೊಂಡಿತು.

ಎಡ್ವರ್ಡ್ಸ್ ಅವರದೇ ‘ಬ್ರೇಕ್‌ಫಾಸ್ಟ್ ಅಟ್ ಟಿಫನೀಸ್’ ಚಿತ್ರ 1961ರಲ್ಲಿ ಬಂತು. ‘ಮೂನ್ ರಿವರ್’ ಇದರದೇ ಹಾಡು. ನಾಯಕಿ ಆಡ್ರೆ ಹೆಪ್‌ಬರ್ನ್ ಗಾಯಕಿಯಲ್ಲ. ಬೇರೆಯವರಿಂದ ಹಾಡಿಸುವ ದಾರಿ ಇದ್ದೇ ಇತ್ತು, ಹಾಲಿವುಡ್ ಅದನ್ನು ಧಾರಾಳವಾಗಿ ಬಳಸುತ್ತಲೂ ಇತ್ತು. ಮ್ಯಾನ್ಸಿನಿ ಹಾಗೆ ಮಾಡದೆ, ಆಕೆ ಹಿಂದಿನ ಒಂದು ಚಿತ್ರದಲ್ಲಿ ತಾವೇ ಹಾಡಿದ್ದನ್ನು ಕೇಳಿ ಆ ದನಿ ಎಲ್ಲಿಯವರೆಗೆ ಆಯಾಸವಿಲ್ಲದೆ ನಿಲ್ಲುತ್ತದೆ ಎಂದು ಅಳೆದುಕೊಂಡರು. ಈ ಹಾಡಿಗೆ ಒಂದು ತಿಂಗಳು ಮತ್ತು ಅರ್ಧ ಗಂಟೆ ಹಿಡಿಯಿತು ಎಂದು ಅವರು ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ: ತಿಂಗಳೆಲ್ಲ ಯೋಚನೆ, ಅರ್ಧ ಗಂಟೆ ಬರವಣಿಗೆ. ಅದಕ್ಕೆ ಮಾತು ಹೊಂದಿಸಿದ ಜಾನಿ ಮರ್ಸರ್ ಜಾರ್ಜಿಯಾದ ಸವಾನಾದವರು, ನದಿಯ ದಡದ ಬಾಲ್ಯವನ್ನು ಕಂಡವರು. ಚಿತ್ರದ ಸಂಗೀತಕ್ಕೊಂದು, ಈ ಹಾಡಿಗೊಂದು, ಹೀಗೆ ಎರಡು ಆಸ್ಕರ್ ಬಂದವು. ಮರುವರ್ಷ ಅದೇ ಜೋಡಿಯ ‘ಡೇಸ್ ಆಫ್ ವೈನ್ ಅಂಡ್ ರೋಸಸ್’ ಹಾಡಿಗೆ ಮೂರನೆಯದು.

‘ಪಿಂಕ್ ಪ್ಯಾಂಥರ್’ ಚಿತ್ರದ ರಾಗವೂ ಇದೇ ಬಗೆಯದು. ಟೆನರ್ ಸ್ಯಾಕ್ಸೊಫೋನ್ ವಾದಕ ಪ್ಲಾಸ್ ಜಾನ್ಸನ್ ಅವರ ನುಡಿಸಾಣಿಕೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಮ್ಯಾನ್ಸಿನಿ ಅದನ್ನು ಬರೆದರು. ಡೇವಿಡ್ ನಿವೆನ್ ವಹಿಸಿದ್ದ ಒಡವೆಗಳ್ಳನ ಕಳ್ಳಹೆಜ್ಜೆಗೆಂದು ಮಾಡಿದ್ದ ರಾಗ ಕೊನೆಗೆ ಗುಲಾಬಿ ಬಣ್ಣದ ವ್ಯಂಗ್ಯಚಿತ್ರದ ಚಿರತೆಯ ಪಾಲಾಯಿತು!

ಎಲ್ಲವೂ ಸಲೀಸಾಗಿರಲಿಲ್ಲ. 1972ರಲ್ಲಿ ನಿರ್ದೇಶಕ ಹಿಚ್‌ಕಾಕ್ ತಮ್ಮ ‘ಫ್ರೆಂಜಿ’ ಚಿತ್ರಕ್ಕೆ ಅವರು ಬರೆದ ಸಂಗೀತವನ್ನು ಕೈಬಿಟ್ಟು ರಾನ್ ಗುಡ್ವಿನ್ ಅವರಿಂದ ಹೊಸದಾಗಿ ಮಾಡಿಸಿದರು. ಇನ್ನೊಂದು ವಿಚಿತ್ರವೆಂದರೆ, ಅಮೆರಿಕದ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಅವರ ವಾದ್ಯವೃಂದ 1969ರಲ್ಲಿ ಮೊದಲ ಸ್ಥಾನಕ್ಕೇರಿದ್ದು ಇಟಲಿಯ ನೀನೊ ರೋಟಾ ಸಂಯೋಜಿಸಿದ ‘ರೋಮಿಯೊ ಅಂಡ್ ಜೂಲಿಯೆಟ್’ ರಾಗದಿಂದ. ನಾಲ್ಕನೆಯ ಆಸ್ಕರ್ ಬಂದದ್ದು 1982ರ ‘ವಿಕ್ಟರ್/ವಿಕ್ಟೋರಿಯಾ’ಕ್ಕೆ, ಅದೂ ಎಡ್ವರ್ಡ್ಸ್ ಚಿತ್ರವೇ.

ಮತ್ತೆ ಆ ಬಿಳಿ ಮನೆಗಳ ಹಾಡಿಗೇ ಬರುತ್ತೇನೆ. ಚಿತ್ರದ ಜೊತೆ ಮಾರುಕಟ್ಟೆಗೆ ಬಂದ ಆಲ್ಬಮ್ಮಿನಲ್ಲಿ ಹೆಪ್‌ಬರ್ನ್ ದನಿಯೇ ಇರಲಿಲ್ಲ. ಅಲ್ಲಿ ವೃಂದಗಾಯಕರು ಹಾಡಿದ್ದಾರೆ. ಎಷ್ಟೆಷ್ಟೋ ಪಳಗಿದ ಗಾಯಕರು ಅದನ್ನು ಹಾಡಿದರೂ ಆಕೆಯದಕ್ಕೆ ಸಮನಾದುದಿಲ್ಲ ಎಂದೇ ಮ್ಯಾನ್ಸಿನಿ ಹೇಳುತ್ತಿದ್ದರು. ಕಿಟಕಿಯ ಕಟ್ಟೆಯ ಮೇಲೆ ಕುಳಿತು ಆಕೆ ಹಾಡಿದ ಆ ಧ್ವನಿಮುದ್ರಿಕೆ ಆಲ್ಬಮ್ಮಿನಲ್ಲಿ ಹೊರಬಂದದ್ದು 1993ರಲ್ಲಿ, ಆಕೆ ತೀರಿಕೊಂಡ ಮೇಲೆ. ಮರುವರ್ಷದ ಜೂನ್ 14ರಂದು ಮ್ಯಾನ್ಸಿನಿಯೂ ಹೋದರು.